ಊರು ಬಿಟ್ಟು ಹೋದ ಹಸಿರು ಬಾಟಲಿ



ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲಟ್ರೋಬ್ ಎಂಬ ಸಣ್ಣ ಊರಿದೆ. 2006ರ ಜುಲೈ ತಿಂಗಳ ಕೊನೆಯಲ್ಲಿ ಅಲ್ಲಿನ ಬಿಯರ್ ಕಾರ್ಖಾನೆಯಿಂದ 'ರೋಲಿಂಗ್ ರಾಕ್' ಬಿಯರಿನ ಕೊನೆಯ ಕಂತು ಹೊರಬಿತ್ತು. ಕಾರ್ಖಾನೆಗೆ ಬೆಂಕಿ ಬಿದ್ದಿರಲಿಲ್ಲ, ಕಂಪನಿ ದಿವಾಳಿಯೂ ಆಗಿರಲಿಲ್ಲ. ರೋಲಿಂಗ್ ರಾಕ್ ಮರುವಾರವೂ ಅಂಗಡಿಗಳಲ್ಲಿ ಸಿಗುತ್ತಿತ್ತು. ಅದೇ ಹಸಿರು ಬಾಟಲಿ, ಅದೇ ಕುದುರೆ ತಲೆಯ ಚಿತ್ರ. ಅದನ್ನು ತಯಾರಿಸುವ ಜಾಗ ಮಾತ್ರ ಬೇರೆಯಾಗಿತ್ತು. ಸುಮಾರು ಐನೂರು ಕಿಲೋಮೀಟರ್ ಆಚೆ, ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ನಗರದ ದೊಡ್ಡ ಕಾರ್ಖಾನೆಯೊಂದರಲ್ಲಿ ಅದು ತಯಾರಾಗತೊಡಗಿತು.

ಹಾಗಾದರೆ ಲಟ್ರೋಬ್ ಕಳೆದುಕೊಂಡದ್ದು ಏನನ್ನು? ಕಟ್ಟಡ ಅಲ್ಲೇ ಇತ್ತು, ತೊಟ್ಟಿಗಳು ಅಲ್ಲೇ ಇದ್ದವು, ಬೆಟ್ಟದ ನೀರೂ ಹರಿಯುತ್ತಿತ್ತು. ಹೋದದ್ದು ಒಂದು ಹೆಸರು. ಆ ಹೆಸರನ್ನು ಅರುವತ್ತೇಳು ವರ್ಷ ಬೆಳೆಸಿದ್ದು ಆ ಊರು, ಮಾರಿದ್ದು ಬೇರೆಯವರು. ಕುಡಿತದ ಪರವಾಗಿ ವಕಾಲತ್ತು ಮಾಡುವ ಉದ್ದೇಶ ಈ ಮಾತಿಗಿಲ್ಲ. ಬಿಯರಿನ ಬದಲು ಪೇಢೆಯೋ ಸಾಬೂನೋ ಆಗಿದ್ದರೂ ಕಥೆ ಇದೇ ಆಗುತ್ತಿತ್ತು. ಒಂದು ಊರಿಗೂ ಅದರ ಹೆಸರಿನಲ್ಲಿ ಬಾಳುವ ಸರಕಿಗೂ ಇರುವ ಸಂಬಂಧವೇನು, ಕಾನೂನು ಆ ಸಂಬಂಧವನ್ನು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಲಟ್ರೋಬ್ ಇರುವುದು ಉಕ್ಕಿನ ನಗರವಾದ ಪಿಟ್ಸ್‌ಬರ್ಗ್‌ನಿಂದ ಸುಮಾರು ಅರುವತ್ತು ಕಿಲೋಮೀಟರ್ ದೂರದಲ್ಲಿ. ಜನಸಂಖ್ಯೆ ಹತ್ತು ಸಾವಿರಕ್ಕೂ ಕಡಿಮೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲು ಹಳಿಯ ಜೊತೆಗೇ ಹುಟ್ಟಿದ ಊರು. ಅದರ ಹೆಸರೂ ರೈಲ್ವೆ ಎಂಜಿನಿಯರೊಬ್ಬರ ಹೆಸರೇ. ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಹುಟ್ಟಿದ್ದು ಅಲ್ಲಿ, ಅಮೆರಿಕದ ಮಕ್ಕಳಿಗೆಲ್ಲ ಟೆಲಿವಿಷನ್ ಮೂಲಕ ಪರಿಚಿತರಾಗಿದ್ದ ಫ್ರೆಡ್ ರೋಜರ್ಸ್ ಹುಟ್ಟಿದ್ದೂ ಅಲ್ಲಿ. ಬಾಳೆಹಣ್ಣನ್ನು ಸೀಳಿ ಐಸ್‌ಕ್ರೀಮ್ ಇಟ್ಟುಕೊಡುವ 'ಬನಾನಾ ಸ್ಪ್ಲಿಟ್' 1904ರಲ್ಲಿ ತಮ್ಮಲ್ಲೇ ಹುಟ್ಟಿತೆಂದೂ ಊರವರು ಹೇಳುತ್ತಾರೆ. ಸಣ್ಣ ಊರುಗಳಿಗೆ ಇಂಥ ಹೆಮ್ಮೆಯ ಪಟ್ಟಿ ಇದ್ದೇ ಇರುತ್ತದೆ. ಲಟ್ರೋಬ್‌ನ ಪಟ್ಟಿಯಲ್ಲಿ ಬಿಯರಿಗೆ ಮೊದಲ ಸ್ಥಾನ.

ಅಲ್ಲಿ ಬಿಯರ್ ತಯಾರಿಸಲು ಮೊದಲು ಮಾಡಿದವರಲ್ಲಿ ಸಂನ್ಯಾಸಿಗಳಿದ್ದರು ಎಂದರೆ ನಮ್ಮವರಿಗೆ ಆಶ್ಚರ್ಯವಾದೀತು. ಜರ್ಮನಿಯ ಬವೇರಿಯಾದಿಂದ ಬಂದ ಬೋನಿಫೇಸ್ ವಿಮರ್ ಎಂಬ ಪಾದ್ರಿ 1846ರಲ್ಲಿ ಊರಿನ ಪಕ್ಕದಲ್ಲೇ ಸೇಂಟ್ ವಿನ್ಸೆಂಟ್ ಎಂಬ ಮಠವನ್ನು ಕಟ್ಟಿದರು. ಬವೇರಿಯಾದಲ್ಲಿ ಮಠಕ್ಕೂ ಬಿಯರಿಗೂ ವಿರೋಧವಿಲ್ಲ. ಪೋಪರ ಅನುಮತಿಯನ್ನೇ ಪಡೆದು ಆ ಸಂನ್ಯಾಸಿಗಳು ಆ ಶತಮಾನದ ಕೊನೆಯವರೆಗೂ ಬಿಯರ್ ಮಾಡುತ್ತಿದ್ದರು. ಊರೊಳಗಿನ ಲಟ್ರೋಬ್ ಬ್ರೂಯಿಂಗ್ ಕಂಪನಿ ಹುಟ್ಟಿದ್ದು 1893ರಲ್ಲಿ. 1920ರಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಬಂದಾಗ ಅದು ಬಾಗಿಲು ಮುಚ್ಚಿತು. 1933ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಟೀಟೋ ಎಂಬ ಸೋದರರು ಅದನ್ನು ಕೊಂಡುಕೊಂಡಿದ್ದರು. 1939ರಲ್ಲಿ ಅವರು ಹೊರತಂದದ್ದೇ ರೋಲಿಂಗ್ ರಾಕ್.

ಆ ಬಾಟಲಿಯಲ್ಲೇ ಒಂದು ವಿಶೇಷವಿತ್ತು. ಕಾಗದದ ಚೀಟಿ ಅಂಟಿಸುವ ಬದಲು ಹಸಿರು ಗಾಜಿನ ಮೇಲೆಯೇ ಬಿಳಿ ಬಣ್ಣದಲ್ಲಿ ಅಕ್ಷರ ಹಾಗೂ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಗಾಜಿನ ಒಳಪದರವಿರುವ ಹಳೆಯ ಲಟ್ರೋಬ್‌ನ ತೊಟ್ಟಿಗಳಿಂದ ಬಂದ ಬಿಯರ್ ಇದು, ಬೆಟ್ಟದ ಬುಗ್ಗೆಗಳ ನೀರಿನದು ಎಂಬ ಅರ್ಥದ ಒಂದು ಪ್ರತಿಜ್ಞೆ ಅದರ ಮೇಲಿತ್ತು. ಪ್ರತಿಜ್ಞೆಯ ಕೊನೆಗೆ ಯಾವ ವಿವರಣೆಯೂ ಇಲ್ಲದೆ '33' ಎಂಬ ಅಂಕಿ. ಈ ಅಂಕಿ ಏಕೆ ಬಂತೆಂದು ಅಮೆರಿಕದ ಪಾನಗೃಹಗಳಲ್ಲಿ ಎಷ್ಟು ಸಂಜೆಗಳು ಕಳೆದಿವೆಯೋ! ಪಾನನಿಷೇಧ ತೊಲಗಿದ ವರ್ಷ ಎಂದು ಕೆಲವರು. ರೇಸ್ ಕುದುರೆಯ ಸಂಖ್ಯೆ ಎಂದು ಇನ್ನು ಕೆಲವರು. ಪ್ರತಿಜ್ಞೆಯಲ್ಲಿ ಮೂವತ್ತಮೂರು ಪದಗಳಿವೆ ಎಂದು ಯಾರೋ ಕರಡಿನಲ್ಲಿ ಗುರುತು ಹಾಕಿದ್ದನ್ನು ಮುದ್ರಕರು ಹಾಗೆಯೇ ಅಚ್ಚು ಹಾಕಿದರೆಂಬ ವಿವರಣೆ ಹೆಚ್ಚು ಸಂಭವನೀಯ. ಯಾವುದು ನಿಜವಾದರೂ, ಒಂದು ಅಂಕಿಯ ಸುತ್ತ ಇಷ್ಟು ಕಥೆ ಬೆಳೆಯಬೇಕಾದರೆ ಜನ ಆ ಬಾಟಲಿಯನ್ನು ತಮ್ಮದೆಂದು ತಿಳಿದಿರಬೇಕು. ಜಾಹೀರಾತಿಗೆ ಹಣ ಚೆಲ್ಲಿದ ಮಾತ್ರಕ್ಕೆ ಇಂಥದು ಹುಟ್ಟುವುದಿಲ್ಲ.

ಇನ್ನು ಒಡೆತನದ ಕಥೆ. ಟೀಟೋ ಮನೆತನ 1985ರಲ್ಲಿ ಕಂಪನಿಯನ್ನು ಹೂಡಿಕೆದಾರರ ಗುಂಪೊಂದಕ್ಕೆ ಮಾರಿತು. ಎರಡೇ ವರ್ಷದಲ್ಲಿ ಅದು ಕೆನಡಾದ ಲಬಾಟ್ ಕಂಪನಿಯ ಕೈಸೇರಿತು. 1995ರಲ್ಲಿ ಬೆಲ್ಜಿಯಂನ ಇಂಟರ್‌ಬ್ರೂ ಲಬಾಟನ್ನೇ ನುಂಗಿತು. 2004ರಲ್ಲಿ ಇಂಟರ್‌ಬ್ರೂ ಬ್ರೆಜಿಲ್‌ನ ಆಂಬೆವ್ ಜೊತೆ ಕೂಡಿ ಇನ್‌ಬೆವ್ ಆಯಿತು. ಇಪ್ಪತ್ತು ವರ್ಷಗಳಲ್ಲಿ ಇಷ್ಟು ಕೈ ಬದಲಾದರೂ ಊರಿನಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. ಆಗುವುದಾದರೂ ಹೇಗೆ? ಹೊಸ ಯಜಮಾನರ ದುಡ್ಡಿನಿಂದ ರೋಲಿಂಗ್ ರಾಕ್ ದೇಶಾದ್ಯಂತ ಹೆಸರು ಮಾಡಿತು, ಕೆಲಸಗಾರರಿಗೆ ಸಂಬಳ ಬರುತ್ತಿತ್ತು. ಯಜಮಾನರ ಕಚೇರಿ ಟೊರಾಂಟೋದಲ್ಲಿದ್ದರೇನು, ಬೆಲ್ಜಿಯಂನಲ್ಲಿದ್ದರೇನು! ಮನೆಯ ಪತ್ರ ಯಾರ ಪೆಟ್ಟಿಗೆಯಲ್ಲಿದೆ ಎಂದು ಬಾಡಿಗೆದಾರ ಯೋಚಿಸುವುದು ಮನೆ ಬಿಡಿ ಎಂದಾಗಲೇ.

ಆ ಮಾತು ಬಂದದ್ದು 2006ರ ಮೇ ತಿಂಗಳಲ್ಲಿ. ಇನ್‌ಬೆವ್‌ಗೆ ಅಮೆರಿಕದಲ್ಲಿ ತನ್ನ ಆಮದು ಬಿಯರುಗಳಾದ ಸ್ಟೆಲ್ಲಾ ಆರ್ಟ್ವಾ, ಬೆಕ್ಸ್, ಬಾಸ್ ಮುಂತಾದವುಗಳತ್ತ ಗಮನ ಕೊಡಬೇಕಿತ್ತು. ರೋಲಿಂಗ್ ರಾಕ್‌ನ ಮಾರಾಟ ಇಳಿಮುಖವಾಗಿತ್ತು. ಅದು ಆ ಹೆಸರನ್ನು ಸೇಂಟ್ ಲೂಯಿಸ್ ನಗರದ ಆನ್‌ಹೈಸರ್-ಬುಷ್ ಕಂಪನಿಗೆ 8 ಕೋಟಿ 20 ಲಕ್ಷ ಡಾಲರಿಗೆ ಮಾರಿತು. ಗಮನಿಸಬೇಕಾದದ್ದು ಇಲ್ಲಿದೆ. ಮಾರಾಟವಾದದ್ದು ಹೆಸರು, ಚಿಹ್ನೆ ಮತ್ತು ಪಾಕವಿಧಾನ. ಕಾರ್ಖಾನೆ ಈ ವ್ಯವಹಾರದಲ್ಲಿ ಇರಲೇ ಇಲ್ಲ. ಕೊಂಡವರಿಗೆ ಅದು ಬೇಕಾಗಿರಲಿಲ್ಲ, ನೆವಾರ್ಕ್‌ನಲ್ಲಿ ಅವರ ದೊಡ್ಡ ಕಾರ್ಖಾನೆ ಇತ್ತು. ಒಂದು ತೊಟ್ಟಿಯಲ್ಲಿ ಹೆಚ್ಚುವರಿಯಾಗಿ ಇನ್ನೊಂದು ಬಗೆಯ ಬಿಯರ್ ಮಾಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ನೂರು ವರ್ಷ ಹಳೆಯ ಕಾರ್ಖಾನೆಯನ್ನು ನಡೆಸುವ ಖರ್ಚು ಅಪಾರ. ಲೆಕ್ಕ ಸರಳವಾದದ್ದು, ಲೆಕ್ಕವಾಗಿ ನೋಡಿದರೆ ತಪ್ಪೂ ಇಲ್ಲ.

ಊರಿನಲ್ಲಿ ಸಿಟ್ಟು, ದುಃಖ ಎರಡೂ ಕಾಣಿಸಿಕೊಂಡವು. ಸುಮಾರು ಇನ್ನೂರು ಜನರ ಕೆಲಸದ ಪ್ರಶ್ನೆ ಅದು. ತಂದೆಯ ನಂತರ ಮಗ ದುಡಿಯುತ್ತಿದ್ದ ಜಾಗ. ರೋಲಿಂಗ್ ರಾಕ್ ಕುಡಿಯುವುದಿಲ್ಲವೆಂದು ಜನ ಬಹಿಷ್ಕಾರ ಹೂಡಿದರು. ಕೆಲಸ ಹೋಗುವುದೆಂದರೆ ಸಂಬಳ ನಿಲ್ಲುವುದಷ್ಟೇ ಅಲ್ಲ. ಬಿಯರ್ ಕಾರ್ಖಾನೆ ನೀರು ಕುಡಿಯುವ ಉದ್ದಿಮೆ. ಒಂದು ಲೀಟರ್ ಬಿಯರಿಗೆ ತೊಳೆಯುವುದು, ತಣಿಸುವುದು ಎಲ್ಲ ಸೇರಿ ಹಲವು ಲೀಟರ್ ನೀರು ಬೇಕು. ಅಂಥ ಗಿರಾಕಿ ಹೋದರೆ ಊರಿನ ನೀರು ಮತ್ತು ಚರಂಡಿ ವ್ಯವಸ್ಥೆಯ ಆದಾಯಕ್ಕೆ ಪೆಟ್ಟು. ಆ ಪೆಟ್ಟನ್ನು ಉಳಿದ ಮನೆಗಳು ತುಂಬಿಕೊಡಬೇಕು, ಕುಡಿಯದವರ ಮನೆಗಳೂ ಸೇರಿ.

ರುಚಿಯ ಮಾತೂ ಒಂದಿದೆ. ಈ ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ಹಾಗೆ ಒಂದು ನಸು ಸಿಹಿ ವಾಸನೆಯಿತ್ತು. ಅದಕ್ಕೆ ಕಾರಣ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ ಇದರ ಮೂಲವಸ್ತುವಿರುತ್ತದೆ. ಬಾರ್ಲಿಯ ರಸವನ್ನು ಕಾಯಿಸಿದಾಗ ಅದು ಒಡೆದು ಈ ವಾಸನೆ ಹುಟ್ಟುತ್ತದೆ; ಜೋರಾಗಿ, ತುಂಬ ಹೊತ್ತು ಕುದಿಸಿದರೆ ಆವಿಯೊಡನೆ ಹಾರಿಹೋಗುತ್ತದೆ. ಬಹುಪಾಲು ದೊಡ್ಡ ಕಂಪನಿಗಳ ಪರಿಣತರು ಇದನ್ನು ದೋಷವೆಂದೇ ಎಣಿಸಿ ಹೊರದಬ್ಬುತ್ತಾರೆ. ರೋಲಿಂಗ್ ರಾಕ್‌ಗೆ ಅದೇ ಗುರುತು. ಹೀಗಾಗಿ ಜೀವಮಾನವಿಡೀ ಯಾವುದನ್ನು ತೆಗೆದುಹಾಕುವುದೇ ಜಾಣ್ಮೆ ಎಂದು ಕಲಿತಿದ್ದರೋ ಅದನ್ನೇ ಉಳಿಸಿಕೊಳ್ಳುವ ಕೆಲಸ ನೆವಾರ್ಕ್‌ನವರ ಪಾಲಿಗೆ ಬಂತು. ಪಾಕವಿಧಾನವನ್ನು ಕಾಗದದಲ್ಲಿ ಬರೆದು ಕೊಡಬಹುದು. ಹಳೆಯ ಪಾತ್ರೆ, ಹಳೆಯ ಒಲೆ, ಹಳೆಯ ಕೈ ಇವು ಆ ಕಾಗದದಲ್ಲಿ ಬರುವುದಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಸಾರಿನ ಪುಡಿಯ ವಿಷಯದಲ್ಲಿ ಎಲ್ಲರೂ ಬಲ್ಲ ಸಂಗತಿ ಇದು.

ಬಾಟಲಿಯ ಮೇಲಿನ ಪ್ರತಿಜ್ಞೆಯ ಗತಿ ಏನಾಯಿತು? 'ಹಳೆಯ ಲಟ್ರೋಬ್‌ನ ತೊಟ್ಟಿಗಳಿಂದ' ಎಂದು ನೆವಾರ್ಕ್‌ನ ಬಾಟಲಿ ಹೇಳಿದರೆ ಅದು ಸುಳ್ಳು. ಹೇಳದಿದ್ದರೆ ಎಂಟು ಕೋಟಿ ಡಾಲರಿನ ಸರಕಿಗೆ ಜೀವವೇ ಇಲ್ಲ. ಹೊಸ ಯಜಮಾನರು ಒಂದು ಉಪಾಯ ಕಂಡುಕೊಂಡರು. ಈ ಬಿಯರಿನ ಪರಂಪರೆಯ ಗೌರವಾರ್ಥ ಮೂಲ ಪ್ರತಿಜ್ಞೆಯನ್ನು ಉದ್ಧರಿಸುತ್ತಿದ್ದೇವೆ ಎಂಬರ್ಥದ ಒಂದು ಮಾತನ್ನು ಮೊದಲಿಗೆ ಸೇರಿಸಿ, ಕೆಳಗೆ ಹಳೆಯ ಪ್ರತಿಜ್ಞೆಯನ್ನು ಹಾಗೆಯೇ ಉಳಿಸಿಕೊಂಡರು. ಕಾನೂನಿನ ಕಣ್ಣಿಗೆ ಇದು ನಿರ್ದೋಷಿ ಸಾಲು. ಲಟ್ರೋಬ್‌ನವರಿಗೆ ಹೇಗೆ ಕಂಡಿರಬೇಕೆಂದು ಊಹಿಸುವುದು ಕಷ್ಟವಲ್ಲ.

ವ್ಯಾಪಾರ ಚಿಹ್ನೆಯ ಕಾನೂನು ಹೆಸರನ್ನು ಆಸ್ತಿಯೆಂದು ಪರಿಗಣಿಸುತ್ತದೆ. ಆಸ್ತಿಯನ್ನು ಮಾರಬಹುದು, ಬೇರೆಡೆಗೆ ಒಯ್ಯಬಹುದು. ಆ ಹೆಸರಿಗೆ ಬೆಲೆ ತಂದುಕೊಟ್ಟ ಊರಿಗೆ ಅದರಲ್ಲಿ ಒಂದು ಪಾಲೂ ಇಲ್ಲ. ಇದಕ್ಕೆ ಎದುರಾದ ಇನ್ನೊಂದು ಕಾನೂನೂ ಇದೆ, ಅದು ಭೌಗೋಳಿಕ ಸೂಚಕ. ಜರ್ಮನಿಯ ಕೋಲ್ನ್ ನಗರದ 'ಕೋಲ್ಶ್' ಬಿಯರನ್ನೇ ನೋಡಿ. ಅಲ್ಲಿನ ತಯಾರಕರು 1986ರಲ್ಲಿ ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಮುಂದೆ ಐರೋಪ್ಯ ಒಕ್ಕೂಟದ ರಕ್ಷಣೆಯನ್ನೂ ಪಡೆದರು. ಕಂಪನಿಯನ್ನು ಯಾರು ಬೇಕಾದರೂ ಕೊಳ್ಳಲಿ, ಆ ಪ್ರದೇಶ ಬಿಟ್ಟು ಹೊರಗೆ ಮಾಡಿದ್ದು ಕೋಲ್ಶ್ ಆಗುವುದಿಲ್ಲ. ಇಲ್ಲಿ ಹೆಸರಿಗೆ ಬೇರು ಇದೆ.

ಬೇರು ಇದ್ದರೂ ಕಿತ್ತುಹಾಕಬಹುದೆನ್ನುವುದಕ್ಕೆ ಇಂಗ್ಲೆಂಡಿನ ನ್ಯೂಕಾಸಲ್ ಸಾಕ್ಷಿ. ಅಲ್ಲಿನ 'ನ್ಯೂಕಾಸಲ್ ಬ್ರೌನ್ ಏಲ್' ಬಿಯರಿಗೆ 2000ದಲ್ಲಿ ಈ ಭೌಗೋಳಿಕ ರಕ್ಷಣೆ ದೊರಕಿತ್ತು. ಕೇಳಿಕೊಂಡದ್ದು ಕಂಪನಿಯೇ. ಐದು ವರ್ಷದ ಬಳಿಕ ಅದೇ ಕಂಪನಿ ನಗರದ ಕಾರ್ಖಾನೆಯನ್ನು ಮುಚ್ಚಿ, ಟೈನ್ ನದಿಯ ಆಚೆ ದಡದ ಗೇಟ್ಸ್‌ಹೆಡ್‌ಗೆ ಹೋಯಿತು. ನದಿ ದಾಟಿದ್ದಷ್ಟೆ, ಆದರೆ ನಿಯಮದ ಪ್ರಕಾರ ಅದು ನ್ಯೂಕಾಸಲ್ ಅಲ್ಲ. ತಾನು ಬೇಡಿ ಪಡೆದ ರಕ್ಷಣೆಯನ್ನು ರದ್ದುಮಾಡಿ ಎಂದು ಕಂಪನಿಯೇ ಅರ್ಜಿ ಹಾಕಿತು. 2007ರಲ್ಲಿ ರದ್ದೂ ಆಯಿತು. ಒಮ್ಮೆ ನದಿ ದಾಟಿದ ಮೇಲೆ ತಡೆಯುವವರು ಯಾರು? 2010ರಲ್ಲಿ ಆ ಬಿಯರ್ ಯಾರ್ಕ್‌ಷೈರಿನ ಟ್ಯಾಡ್‌ಕಾಸ್ಟರ್‌ಗೆ ಹೋಯಿತು. ಅಷ್ಟರಲ್ಲಿ ಒಡೆತನ ಹಾಲೆಂಡಿನ ಹೈನೆಕೆನ್ ಪಾಲಾಗಿತ್ತು.

ಈ ನ್ಯೂಕಾಸಲ್ ವ್ಯವಹಾರದ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ತಾಗುತ್ತದೆ. ನ್ಯೂಕಾಸಲ್ ಬಿಯರಿನ ಒಡೆತನ ಹೊಂದಿದ್ದ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಕಂಪನಿಗೆ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ ದೊಡ್ಡ ಪಾಲಿತ್ತು. 2008ರಲ್ಲಿ ಹೈನೆಕೆನ್ ಆ ಕಂಪನಿಯ ಆಸ್ತಿ ಹಂಚಿಕೊಂಡಾಗ ಈ ಪಾಲೂ ಅದರ ಬುಟ್ಟಿಗೆ ಬಿತ್ತು. 2021ರಲ್ಲಿ ಹೈನೆಕೆನ್ ಬಹುಪಾಲು ಷೇರುಗಳ ಒಡೆಯನಾಯಿತು. ಕಿಂಗ್‌ಫಿಷರ್ ಹಕ್ಕಿ ಡಚ್ಚರ ಪಂಜರ ಸೇರಿದ್ದು ಹೀಗೆ. ಮೈಸೂರು ಬ್ರೂವರೀಸ್‌ನದಾಗಿದ್ದ ನಾಕ್‌ಔಟ್ ಬಿಯರ್ ದಕ್ಷಿಣ ಆಫ್ರಿಕಾ ಮೂಲದ ಕಂಪನಿಯ ಕೈಗೆ ಹೋಗಿ, 2016ರಲ್ಲಿ ಆ ಕಂಪನಿಯ ಸಮೇತ ಇನ್‌ಬೆವ್‌ನ ಉತ್ತರಾಧಿಕಾರಿ ಸಂಸ್ಥೆಗೆ ಸೇರಿತು.

ಆದರೆ ಬೆಂಗಳೂರಿನಲ್ಲಿ ಲಟ್ರೋಬ್‌ನಂಥ ದುಃಖ ಆಗಲಿಲ್ಲ. ಗ್ರಾಂಟ್ ರಸ್ತೆಯಲ್ಲಿ, ಅಂದರೆ ಇಂದಿನ ವಿಠ್ಠಲ ಮಲ್ಯ ರಸ್ತೆಯಲ್ಲಿ, ಇದ್ದ ಹಳೆಯ ಬಿಯರ್ ಕಾರ್ಖಾನೆ ಹೋಗಿ ಅಲ್ಲಿ ಯುಬಿ ಸಿಟಿಯ ಗೋಪುರಗಳು ಎದ್ದಾಗ ಕಣ್ಣೀರು ಹಾಕಿದವರು ವಿರಳ. ಕಾರಣ ಬೆಂಗಳೂರಿಗರ ಕಲ್ಲೆದೆಯಲ್ಲ, ಅಬಕಾರಿ ಕಾನೂನು. ನಮ್ಮ ದೇಶದಲ್ಲಿ ಮದ್ಯ ರಾಜ್ಯಗಳಿಗೆ ಸೇರಿದ ವಿಷಯ. ಒಂದು ರಾಜ್ಯದ ಬಿಯರ್ ಇನ್ನೊಂದಕ್ಕೆ ಹೋಗಬೇಕಾದರೆ ಸುಂಕದ ಮೇಲೆ ಸುಂಕ. ಹಾಗಾಗಿ ದೊಡ್ಡ ಕಂಪನಿಗಳು ರಾಜ್ಯಕ್ಕೊಂದು ಕಾರ್ಖಾನೆ ಇಟ್ಟು ಅದೇ ಹೆಸರಿನ ಬಿಯರ್ ಮಾಡುತ್ತಾ ಬಂದಿವೆ. ಹತ್ತು ಕಡೆ ಹುಟ್ಟುವ ಬಿಯರಿಗೆ ತವರೂರು ಎಲ್ಲಿಯದು? ತವರೂರಿನ ಹೆಮ್ಮೆ ನಮ್ಮಲ್ಲಿ ಬೇರೆ ಸರಕುಗಳಿಗೆ ಅಂಟಿಕೊಂಡಿದೆ. ಧಾರವಾಡ ಪೇಢೆ, ಮೈಸೂರು ರೇಷ್ಮೆ, ಮೈಸೂರು ಸ್ಯಾಂಡಲ್ ಸಾಬೂನು ಇವೆಲ್ಲ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಕೆಳಗೆ ನೋಂದಾಯಿತವಾಗಿವೆ. ಬೇರೆ ಊರಿನಲ್ಲಿ ಮಾಡಿದ ಪೇಢೆಗೆ ಧಾರವಾಡದ ಹೆಸರು ಹಚ್ಚುವಂತಿಲ್ಲ. ಲಟ್ರೋಬ್‌ಗೆ ಇಲ್ಲದೆ ಹೋದದ್ದು ಇದು. ಅದರ ಬಿಯರಿನ ಹೆಸರಿನಲ್ಲಿ ಊರಿನ ಹೆಸರೇ ಇರಲಿಲ್ಲ, ಊರಿನ ಹೆಸರಿದ್ದದ್ದು ಪ್ರತಿಜ್ಞೆಯಲ್ಲಿ ಮಾತ್ರ.

ಲಟ್ರೋಬ್ ಒಂಟಿ ಉದಾಹರಣೆಯೇನಲ್ಲ. 1870ರ ದಶಕದಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಿಯರ್ ಕಾರ್ಖಾನೆಗಳಿದ್ದವು, ಊರಿಗೊಂದು ಎನ್ನುವಷ್ಟು. ಪಾನನಿಷೇಧದ ನಂತರ ಮತ್ತೆ ಎದ್ದು ನಿಂತದ್ದು ಏಳುನೂರರ ಆಸುಪಾಸು. 1970ರ ದಶಕದ ಕೊನೆಯ ಹೊತ್ತಿಗೆ ನೂರಕ್ಕೂ ಕಡಿಮೆ. ಶೀತಲೀಕೃತ ಲಾರಿ, ಹೆದ್ದಾರಿ, ಟೆಲಿವಿಷನ್ ಜಾಹೀರಾತು ಈ ಮೂರೂ ದೊಡ್ಡವರಿಗೇ ಒಲಿದವು. ನಂತರದ ದಶಕಗಳಲ್ಲಿ ಸಣ್ಣ ತಯಾರಕರು ಸಾವಿರಗಟ್ಟಲೆ ಹುಟ್ಟಿಕೊಂಡರೆನ್ನುವುದು ನಿಜ, ಆದರೆ ಹೋದ ಹೆಸರುಗಳು ಹಿಂದಿರುಗಲಿಲ್ಲ. ಡೆಟ್ರಾಯಿಟ್‌ನಲ್ಲಿ 1850ರಿಂದ ಇದ್ದ ಸ್ಟ್ರೋ ಮನೆತನದ ಕಂಪನಿ ಬೇರೆಯವರನ್ನು ಕೊಳ್ಳಲು ಹೊರಟು ಸಾಲದಲ್ಲಿ ಮುಳುಗಿ, 1985ರಲ್ಲಿ ತನ್ನ ಊರಿನ ಕಾರ್ಖಾನೆಯನ್ನೇ ಮುಚ್ಚಿತು. 1996ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿನ ಹೈಲ್‌ಮನ್ ಕಂಪನಿಯನ್ನು ಕೊಂಡಿತು. ಮೂರು ವರ್ಷದಲ್ಲಿ ತಾನೇ ಇಲ್ಲವಾಯಿತು. ಅದರ ಹೆಸರುಗಳು ಹರಿದು ಹಂಚಿಹೋದವು. ಲಾ ಕ್ರಾಸ್ ಕಾರ್ಖಾನೆ 1999ರಲ್ಲಿ ಬಾಗಿಲು ಹಾಕಿತು.

ಲಟ್ರೋಬ್‌ನ ಹೆಸರನ್ನು ಕೊಂಡ ಆನ್‌ಹೈಸರ್-ಬುಷ್‌ನ ಪ್ರಸಿದ್ಧ ಬಿಯರು 'ಬಡ್‌ವೈಸರ್'. ಅದೂ ಒಂದು ಊರಿನ ಹೆಸರೇ. ಬೊಹೀಮಿಯಾದ, ಅಂದರೆ ಇಂದಿನ ಚೆಕ್ ಗಣರಾಜ್ಯದ, ಬುಡ್‌ವೈಸ್ ಎಂಬ ಊರಿನದು ಎಂದು ಅದರ ಅರ್ಥ. 1876ರಲ್ಲಿ ಸೇಂಟ್ ಲೂಯಿಸ್‌ನವರು ಆ ಹೆಸರನ್ನು ಎತ್ತಿಕೊಂಡರು. ಅದಕ್ಕಾಗಿ ಬುಡ್‌ವೈಸ್‌ನ ಬಿಯರ್ ತಯಾರಕರೊಡನೆ ನೂರು ವರ್ಷ ಮೀರಿ ವ್ಯಾಜ್ಯ ನಡೆಯಿತು. ಇಂಥ ಕಂಪನಿಯೇ ಎರಡು ವರ್ಷದಲ್ಲಿ ಇನ್ನೊಬ್ಬರ ತುತ್ತಾಯಿತು. 2008ರಲ್ಲಿ ಇನ್‌ಬೆವ್ 5,200 ಕೋಟಿ ಡಾಲರ್ ಕೊಟ್ಟು ಆನ್‌ಹೈಸರ್-ಬುಷ್ಷನ್ನು ಕೊಂಡಿತು. ಸೇಂಟ್ ಲೂಯಿಸ್‌ನ ಜನ ತಮ್ಮ ಊರಿನ ಕಂಪನಿ ವಿದೇಶಿಯರ ಪಾಲಾಯಿತೆಂದು ಗೋಳಾಡಿದರು. ಹೀಗೆ ರೋಲಿಂಗ್ ರಾಕ್ ತನ್ನನ್ನು ಮಾರಿದವರ ಮನೆಗೇ ಹಿಂದಿರುಗಿತು, ಆದರೆ ತವರಿಗಲ್ಲ.

ಇನ್ನು ಉಳಿದದ್ದು ಖಾಲಿ ಕಾರ್ಖಾನೆಯ ಕಥೆ. 2006ರಲ್ಲೇ ಅದನ್ನು ಕೊಂಡವರು ಸಿಟಿ ಬ್ರೂಯಿಂಗ್ ಎಂಬ ಕಂಪನಿಯವರು. ಅವರು ಬೇರೆ ಯಾರೂ ಅಲ್ಲ, ಅದೇ ಲಾ ಕ್ರಾಸ್‌ನವರು! ಹೈಲ್‌ಮನ್ ಹೆಸರು ಕೈಬಿಟ್ಟುಹೋದ ಮೇಲೆ ಆ ಊರಿನಲ್ಲಿ ಹಳೆಯ ಕಾರ್ಖಾನೆಯನ್ನು ಮತ್ತೆ ತೆರೆದು, ಇತರರ ಪಾನೀಯಗಳನ್ನು ಗುತ್ತಿಗೆಗೆ ಮಾಡಿಕೊಡುವ ದಾರಿ ಹಿಡಿದಿದ್ದವರು. ಲಟ್ರೋಬ್‌ನಲ್ಲೂ ಅದೇ ದಾರಿ. 2007ರಲ್ಲಿ ಬೋಸ್ಟನ್‌ನ ಸ್ಯಾಮುಯೆಲ್ ಆಡಮ್ಸ್ ಬಿಯರ್ ಅಲ್ಲಿ ತಯಾರಾಯಿತು. ಆ ಕಂಪನಿ ಪೆನ್ಸಿಲ್ವೇನಿಯಾದಲ್ಲೇ ಸ್ವಂತ ಕಾರ್ಖಾನೆ ಮಾಡಿಕೊಂಡಾಗ ಆ ಕೆಲಸವೂ ಹೋಯಿತು.

2009ರಲ್ಲಿ ಇನ್ನೊಂದು ಗುತ್ತಿಗೆ ಬಂತು. ಪಕ್ಕದ ಪಿಟ್ಸ್‌ಬರ್ಗ್‌ನ 'ಐರನ್ ಸಿಟಿ' ಬಿಯರ್ ಅದು. ಉಕ್ಕಿನ ನಗರದ ಅಡ್ಡಹೆಸರನ್ನೇ ಹೊತ್ತು, 1861ರಿಂದ ಆ ನಗರದಲ್ಲೇ ತಯಾರಾಗುತ್ತಿದ್ದ ಬಿಯರ್. ಹೊಸ ಒಡೆಯರು ಪಿಟ್ಸ್‌ಬರ್ಗ್‌ನ ಹಳೆಯ ಕಾರ್ಖಾನೆಯನ್ನು ನಿಲ್ಲಿಸಿ ಕೆಲಸವನ್ನು ಲಟ್ರೋಬ್‌ಗೆ ಕಳಿಸಿದರು. ಲಟ್ರೋಬ್‌ನ ತೊಟ್ಟಿಗಳು ಮತ್ತೆ ತುಂಬಿದವು, ಕೆಲವರಿಗೆ ಕೆಲಸ ಸಿಕ್ಕಿತು. ಈ ಸಲ ಊರ ಬಿಯರ್ ಕಳೆದುಕೊಂಡವರು ಪಿಟ್ಸ್‌ಬರ್ಗ್‌ನವರು.